ಮೂರನೇ ಬಟನ್ನಿನ ದಕ್ಷಿಣಾಮೂರ್ತಿ

ದಕ್ಷಿಣಾಮೂರ್ತಿಯವರು ನಿವೃತ್ತರಾದ ಒಂಬತ್ತನೇ ದಿನ ಅವರ ಹೆಂಡತಿ ದೇವಕಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸಾಮಾನಿನ ಚೀಟಿಯನ್ನು ಎತ್ತಿ ತೋರಿಸಿ, "ಏನ್ರೀ ಇದು?" ಎಂದರು. ತೊಗರಿಬೇಳೆ, ಇಂಗು, ಹುಣಸೆಹಣ್ಣು ಎಂದು ದೇವಕಿಯವರೇ ಬರೆದಿಟ್ಟಿದ್ದ ಚೀಟಿ. ಅದರ ಎಡ ಅಂಚಿನಲ್ಲಿ ನೀಲಿ ಶಾಯಿಯ ದುಂಡು ಅಕ್ಷರಗಳಲ್ಲಿ, 'ಹುಣಸೆಹಣ್ಣಿನ ಸದ್ಯದ ದಾಸ್ತಾನು ಎಷ್ಟೆಂಬುದನ್ನು ನಮೂದಿಸಿ ಮರುಮಂಡಿಸುವುದು' ಎಂದಿತ್ತು. ಕೆಳಗೆ ಸಹಿ, ತಾರೀಖು.

"ಡಬ್ಬದಲ್ಲಿ ಇನ್ನೂ ಇತ್ತಲ್ಲ, ಅದಕ್ಕೆ ಬರೆದೆ," ಎಂದರು ದಕ್ಷಿಣಾಮೂರ್ತಿ.

"ಡಬ್ಬದ ತನಕ ಹೋಗಿ ನೋಡಿದ್ರಾ?"

"ಸ್ಥಳ ಪರಿಶೀಲನೆ ಮಾಡದೆ ಬರೆಯೋಕಾಗತ್ತಾ?"

ದೇವಕಿ ಚೀಟಿಯನ್ನು ನಾಲ್ಕಾಗಿ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡರು. "ನೋಡಿ, ಈ ಮನೆಗೆ ಮೂವತ್ಮೂರು ವರ್ಷದಿಂದ ನಾನೊಬ್ಬಳೇ ಆಫೀಸರು. ನೀವು ಬೇರೆ ಆಫೀಸು ಹುಡುಕಿಕೊಳ್ಳಿ. ಇಲ್ಲ ಅಂದ್ರೆ ನಾನೇ ಹುಡುಕಿಕೊಳ್ತೀನಿ."

ಇದು ಎರಡು ಸಾವಿರದ ಐದನೇ ಇಸವಿಯ ನವೆಂಬರಿನ ಮಾತು. ತಿಪಟೂರಿನಿಂದ ಗುಮಾಸ್ತರಾಗಿ ದೆಹಲಿಗೆ ಬಂದ ದಕ್ಷಿಣಾಮೂರ್ತಿ ಮೂವತ್ತಾರು ವರ್ಷ ಕೇಂದ್ರ ಸರ್ಕಾರದ ಕಡತಗಳನ್ನು ಈ ಮೇಜಿನಿಂದ ಆ ಮೇಜಿಗೆ ದಾಟಿಸಿ, ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾಗಿದ್ದರು. ಆರ್.ಕೆ.ಪುರಂನ ಕ್ವಾರ್ಟರ್ಸ್ ಖಾಲಿ ಮಾಡಿ ಜನಕಪುರಿಯ ಸ್ವಂತ ಫ್ಲ್ಯಾಟಿಗೆ ಬಂದಾಗಿತ್ತು. ಪಿಂಚಣಿ ಬರುತ್ತಿತ್ತು, ಮಗಳು ಪುಣೆಯಲ್ಲಿ ಸುಖವಾಗಿದ್ದಳು, ಮಂಡಿ ಇನ್ನೂ ನೋಯಲು ಶುರುವಾಗಿರಲಿಲ್ಲ. ಮನುಷ್ಯನಿಗೆ ಇನ್ನೇನು ಬೇಕು ಎಂದು ನೀವು ಕೇಳಬಹುದು. ಕೇಳುವವರೆಲ್ಲ ಇನ್ನೂ ಕೆಲಸದಲ್ಲಿರುವವರು.

ಬೆಳಿಗ್ಗೆ ಹೇಗೋ ಕಳೆಯುತ್ತಿತ್ತು. ಹಾಲಿನ ಭಯ್ಯಾ ಹತ್ತು ನಿಮಿಷ ತಡವಾಗಿ ಬಂದರೆ ಅವನಿಂದ ಕಾರಣ ಕೇಳಬಹುದಿತ್ತು. ಚಪ್ಪಲಿ ಗೂಡಿನಲ್ಲಿ ಚಪ್ಪಲಿಗಳನ್ನು ಹಿರಿತನದ ಪ್ರಕಾರ ಜೋಡಿಸಬಹುದಿತ್ತು. ತೊಂದರೆಯಿದ್ದದ್ದು ಮಧ್ಯಾಹ್ನ ಮೂರು ಗಂಟೆಗೆ. ಆಫೀಸಿನಲ್ಲಿ ಮೂರಕ್ಕೆ ಚಹಾ ಬರುತ್ತಿತ್ತು, ಚಹಾದ ಹಿಂದೆಯೇ ಯಾರಾದರೊಬ್ಬರು ಬಂದು, "ಮೂರ್ತಿ ಸಾಬ್, ಇದಕ್ಕೇನು ಮಾಡೋಣ?" ಎನ್ನುತ್ತಿದ್ದರು. ಜನಕಪುರಿಯಲ್ಲಿ ಮೂರು ಗಂಟೆಗೆ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅವರಿಗೆ ಭಯವಾಗುತ್ತಿತ್ತು. ಬೇಸರವಲ್ಲ, ನಿಜವಾದ ಭಯ. ನಾಳೆಯಿಂದ ತಾನು ಇಲ್ಲದಿದ್ದರೂ ಹಾಲಿನವನ ಹೊರತು ಯಾರಿಗೂ ವ್ಯತ್ಯಾಸವಾಗುವುದಿಲ್ಲ, ಅವನಿಗೂ ನೆಮ್ಮದಿಯೇ ಆಗುತ್ತದೆ ಎಂಬ ಯೋಚನೆ ಗಡಿಯಾರದ ಮುಳ್ಳಿನ ಜೊತೆಗೇ ಬಂದು ಕೂರುತ್ತಿತ್ತು.

ಮುಂದಿನ ಮಾರ್ಚ್ ಕೊನೆಗೆ ಕಾಪಾಡಿದವನು ಯಶವಂತ್. ಆರ್.ಕೆ.ಪುರಂನಲ್ಲಿ ಪಕ್ಕದ ಕ್ವಾರ್ಟರ್ಸಿನ ಕನ್ನಡದ ಮನೆಯಲ್ಲಿ ಬೆಳೆದವನು, ಈಗ ಗುರ್‌ಗಾಂವಿನ ಒಂದು ಕನ್ಸಲ್ಟನ್ಸಿಯಲ್ಲಿ ಬಿಸಿನೆಸ್ ಡೆವಲಪ್‌ಮೆಂಟ್ ವಿಭಾಗದ ಮುಖ್ಯಸ್ಥ. ಸರ್ಕಾರದ ಕಚೇರಿಗಳಿಗೆ ಕಂಪ್ಯೂಟರ್ ವ್ಯವಸ್ಥೆ ಮಾಡಿಕೊಡುವುದು ಅವರ ಕಂಪನಿಯ ಕಸುಬು. ಬಿಸಿನೆಸ್ ಡೆವಲಪ್‌ಮೆಂಟ್ ಎಂದರೇನು ಎಂದು ದೇವಕಿ ಕೇಳಿದಾಗ ಅವನು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಹಿಂದಿಯಲ್ಲಿ ಬಹಳ ಹೊತ್ತು ವಿವರಿಸಿದ. ಅದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ: ಸರ್ಕಾರಕ್ಕೆ ಬೇಕೋ ಬೇಡವೋ ಗೊತ್ತಿಲ್ಲದ ಒಂದು ವಸ್ತು, ತನಗೆ ಮೊದಲಿನಿಂದಲೂ ಬೇಕಿತ್ತೆಂದು ಸರ್ಕಾರಕ್ಕೇ ಅನ್ನಿಸುವ ಹಾಗೆ ಮಾಡುವುದು.

"ಅಂಕಲ್, ನಮ್ಮ ಹುಡುಗರಿಗೆ ಸ್ಲೈಡ್ ಮಾಡೋಕೆ ಬರತ್ತೆ. ಆದರೆ ಫೈಲ್ ಎಲ್ಲಿ ಸಿಕ್ಕಿಕೊಂಡು ಅಟಕ್ ಜಾತಾ ಹೈ, ಅದು ಗೊತ್ತಾಗಲ್ಲ. ನೀವು ಬಂದ್ಬಿಡಿ. ಅಡ್ವೈಸರ್ ಅಂತ."

"ನಾಳೆಯಿಂದಲೇ ಬರ್ತಾರೆ," ಎಂದರು ದೇವಕಿ, ಗಂಡ ಬಾಯಿ ತೆರೆಯುವ ಮೊದಲೇ.

ಹೀಗೆ ದಕ್ಷಿಣಾಮೂರ್ತಿಯವರು ಕಂಪನಿಯ ಕ್ವಾಲಿಸ್ ಗಾಡಿಯ ಹಿಂದಿನ ಸೀಟಿನಲ್ಲಿ ಟಿಫಿನ್ ಡಬ್ಬಿ ಹಿಡಿದು ಗುರ್‌ಗಾಂವಿಗೆ ಹೋಗಿಬರತೊಡಗಿದರು. ಒಂದು ವರ್ಷದ ಕರಾರು. ಎರಡು ಸಾವಿರದ ಏಳರ ಮಾರ್ಚ್ ಮೂವತ್ತೊಂದರ ಒಳಗೆ ಒಂದಾದರೂ ಇಲಾಖೆಯ ಆರ್ಡರ್ ತಂದರೆ ಕರಾರು ಮುಂದುವರಿಯುತ್ತದೆ, ತರದಿದ್ದರೆ ಹಾರ ಹಾಕಿ ಮನೆಗೆ ಕಳಿಸುತ್ತಾರೆ. ಹಾರ ಹಾಕಿಸಿಕೊಂಡು ಮನೆಗೆ ಹೋಗುವುದು ಹೇಗಿರುತ್ತದೆಂದು ಅವರಿಗೆ ಒಮ್ಮೆ ಅನುಭವವಾಗಿತ್ತು.

ಕಂಪನಿ ಮಾರಬೇಕೆಂದಿದ್ದ ವಸ್ತು ಕಾಗದವೇ ಇಲ್ಲದ ಕಡತ. ಗುಮಾಸ್ತ ಕಂಪ್ಯೂಟರಿನಲ್ಲಿ ಟಿಪ್ಪಣಿ ಬರೆದರೆ ಅದು ತೆರೆಯಿಂದ ತೆರೆಗೆ ಮೇಲೇರಿ ಸಾಹೇಬರ ತನಕ ಹೋಗುತ್ತದೆ, ಸಾಹೇಬರು ಒಂದು ಬಟನ್ ಒತ್ತಿದರೆ ಕೆಲಸ ಮುಗಿಯಿತು. ಕೊಳ್ಳುವ ಆಸೆ ತೋರಿಸಿದ್ದ ಇಲಾಖೆಯ ಹೆಸರು ಇಲ್ಲಿ ಬೇಡ. ಮಧ್ಯ ದೆಹಲಿಯ ಒಂದು ಭವನದ ಮೂರನೇ ಮಹಡಿಯಲ್ಲಿತ್ತು, ಮೆಟ್ಟಿಲಿನ ಮೂಲೆಗಳಲ್ಲಿ ಪಾನಿನ ಕಲೆಯಿತ್ತು, ಅಷ್ಟು ಸಾಕು. ಮೂರು ಕಂಪನಿಗಳು ಪೈಪೋಟಿಯಲ್ಲಿದ್ದವು. ಮೂವರೂ ಒಬ್ಬರಾದ ಮೇಲೊಬ್ಬರು ಬಂದು ತಮ್ಮ ಸರಕು ತೋರಿಸಿದ್ದರು, ಅಧಿಕಾರಿಗಳು ಮೂವರಿಗೂ ಒಂದೇ ರೀತಿ ತಲೆಯಾಡಿಸಿ, ಬಿಸ್ಕತ್ತು ತಿಂದು ಎದ್ದುಹೋಗಿದ್ದರು.

"ಅವರಿಗೆ ಇಷ್ಟ ಆಗಿಲ್ಲ," ಎಂದರು ದಕ್ಷಿಣಾಮೂರ್ತಿ, ಗುರ್‌ಗಾಂವಿಗೆ ಮರಳಿದ ಮೇಲೆ.

ಆ ವ್ಯವಸ್ಥೆಯನ್ನು ಕಟ್ಟಿದ್ದ ಇಂಜಿನಿಯರ್ ನಿಹಾರಿಕಾ, ಕಿದ್ವಾಯಿ ನಗರದ ಕನ್ನಡದ ಮನೆಯ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಮಾತು ಮಾತ್ರ ದಾರಿಯಲ್ಲಿ ಹಿಂದಿಗೆ ತಿರುಗಿಬಿಡುತ್ತಿತ್ತು. "ಯಾಕೆ ಅಂಕಲ್? ಇಟ್ಸ್ ಸೋ ಸಿಂಪಲ್. ಸಾಹೇಬರ ಸ್ಕ್ರೀನಲ್ಲಿ ಸಿರ್ಫ್ ದೋ ಬಟನ್. ಒಪ್ಪಿದೆ, ಒಪ್ಪಿಲ್ಲ."

ದಕ್ಷಿಣಾಮೂರ್ತಿ ಆ ತೆರೆಯನ್ನೇ ನೋಡುತ್ತ ಕೂತರು. ಒಂದು ಹಸಿರು ಬಟನ್, ಒಂದು ಕೆಂಪು ಬಟನ್. ಅವರಿಗೆ ಆ ಅಧಿಕಾರಿಗಳ ಮೇಲೆ ಕನಿಕರ ಉಕ್ಕಿಬಂತು. ಮೂವತ್ತಾರು ವರ್ಷದಲ್ಲಿ, ಮೊದಲ ಸಲ ಕಡತ ಮುಂದೆ ಬಂದಾಗಲೇ ಒಪ್ಪಿದ ಸಾಹೇಬರನ್ನು ಅವರು ಕಂಡಿರಲಿಲ್ಲ. ಒಪ್ಪಿದರೆ ನಾಳೆ ಯಾರಾದರೂ ಯಾಕೆ ಒಪ್ಪಿದಿರಿ ಎಂದು ಕೇಳುತ್ತಾರೆ. ಒಪ್ಪದಿದ್ದರೆ ಇವತ್ತೇ ಕೇಳುತ್ತಾರೆ. ಅದಕ್ಕೇ ದೊಡ್ಡವರು ಒಂದು ಉಪಾಯ ಮಾಡಿಕೊಂಡಿದ್ದಾರೆ. ಕಡತದ ಅಂಚಿನಲ್ಲಿ ಇಂಗ್ಲಿಷಿನ ಎರಡೇ ಪದ ಬರೆದು ಕೆಳಗೆ ಕಳಿಸುತ್ತಾರೆ: 'ಪ್ಲೀಸ್ ಡಿಸ್ಕಸ್'. ಬಂದು ಚರ್ಚಿಸಿ ಎಂದು ಅದರ ಅರ್ಥ ಅಂತ ನಂಬಿ ಯಾರೂ ಹೋಗುವುದಿಲ್ಲ. ಬರೆದವರೂ ಕಾಯುವುದಿಲ್ಲ. ಕಡತ ಕೆಳಗಿಳಿದು, ಒಂದೆರಡು ತಿಂಗಳು ವಿಶ್ರಾಂತಿ ಪಡೆದು, ಹೊಸ ಟಿಪ್ಪಣಿಯ ಜೊತೆ ಮತ್ತೆ ಮೇಲೇರುತ್ತದೆ. ಯಾರ ಮೈಗೂ ಏನೂ ಅಂಟುವುದಿಲ್ಲ.

"ಇನ್ನೊಂದು ಬಟನ್ ಬೇಕಮ್ಮ," ಎಂದರು.

"ಯಾವುದು?"

"ಪ್ಲೀಸ್ ಡಿಸ್ಕಸ್ ಅಂತ."

"ಅದು ಒತ್ತಿದರೆ ಏನಾಗಬೇಕು?"

"ಏನೂ ಆಗಬಾರದು."

ನಿಹಾರಿಕಾ ಕಣ್ಣು ಪಿಳಿಪಿಳಿ ಮಾಡಿದಳು. "ಅಂಕಲ್, ಏನೂ ಮಾಡದ ಬಟನ್ ಹೇಗೆ ಬರೆಯಲಿ?"

"ಕಡತ ಕೆಳಗೆ ಹೋಗಬೇಕು. ಆದರೆ ಬೈದು ಕಳಿಸಿದ ಹಾಗಿರಬಾರದು. ಬಣ್ಣ ಕೆಂಪೂ ಬೇಡ, ಹಸಿರೂ ಬೇಡ. ಹಳದಿ ಹಾಕು, ಉಳಿದೆರಡಕ್ಕಿಂತ ಸ್ವಲ್ಪ ದೊಡ್ಡದಾಗಿರಲಿ."

ಯಶವಂತ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ಮಾರ್ಚ್ ಹತ್ತಿರ ಬರುತ್ತಿದ್ದುದರಿಂದ ಹಾಕಿಸಿದ.

ಮುಂದಿನ ಪ್ರದರ್ಶನಕ್ಕೆ ಇಲಾಖೆಯ ಜಂಟಿ ಕಾರ್ಯದರ್ಶಿ ಚತುರ್ವೇದಿಯವರೇ ಬಂದು ಕೂತರು. ಮೂವತ್ತನಾಲ್ಕು ವರ್ಷ ಸೇವೆ ಮಾಡಿದವರು, ಎತ್ತರದ ಆಳು, ಅಳೆದು ಮಾತಾಡುವವರು. ನಿಹಾರಿಕಾ ಹಸಿರು ಬಟನ್ ತೋರಿಸಿದಳು, ಅವರು ಕಿಟಕಿ ನೋಡಿದರು. ಕೆಂಪು ತೋರಿಸಿದಳು, ಗಡಿಯಾರ ನೋಡಿದರು. ಹಳದಿ ತೋರಿಸಿದಾಗ ಕನ್ನಡಕ ಹಾಕಿಕೊಂಡು ಮುಂದೆ ಬಗ್ಗಿದರು. "ಇದನ್ನು ನಾನು ಒತ್ತಿ ನೋಡಬಹುದೇ?" ಎಂದು ಹಿಂದಿಯಲ್ಲಿ ಕೇಳಿದರು. ಒತ್ತಿದರು. ತೆರೆಯ ಮೇಲಿದ್ದ ಕಡತ ಸದ್ದಿಲ್ಲದೆ ಮಾಯವಾಯಿತು. ಅವರ ಮುಖದಲ್ಲಿ ಸ್ನಾನ ಮುಗಿಸಿ ಬಂದವರ ಪ್ರಸನ್ನತೆ ಮೂಡಿತು. ಇನ್ನೊಮ್ಮೆ ಒತ್ತಿದರು.

ಟೆಂಡರಿನಲ್ಲಿ ಈ ಕಂಪನಿಯೇ ಮೇಲಾಗಿ ನಿಂತಿತು. ಅಂತಿಮ ಒಪ್ಪಿಗೆಯೊಂದು ಬಾಕಿ. ಇಲ್ಲಿ ದಕ್ಷಿಣಾಮೂರ್ತಿಯವರು ಒಂದು ತಪ್ಪು ಮಾಡಿದರು. ಸಂತೋಷ ಹೆಚ್ಚಾದಾಗ ಸೆಕ್ಷನ್ ಆಫೀಸರುಗಳು ಮಾಡಬಾರದ್ದನ್ನು ಮಾಡಿಬಿಡುತ್ತಾರೆ, ತುಂಬಿದ ಸಭೆಯಲ್ಲಿ ಸಲಹೆ ಕೊಡುತ್ತಾರೆ. "ವ್ಯವಸ್ಥೆ ಒಂದು ತಿಂಗಳು ಪುಕ್ಕಟೆ ನಡೆಸಿ ನೋಡೋಣ ಅಂತ ಹೇಗೂ ತೀರ್ಮಾನವಾಗಿದೆ. ನಮ್ಮ ಆರ್ಡರಿನ ಕಡತವನ್ನೇ ಮೊದಲು ಇದರಲ್ಲಿ ಓಡಿಸಿಬಿಡಿ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಕಡತ ಗುಮಾಸ್ತನಿಂದ ಹೊರಟು, ಒಂದೂವರೆ ದಿನದಲ್ಲಿ ಚತುರ್ವೇದಿಯವರ ತೆರೆ ಮುಟ್ಟಿತು. ಚತುರ್ವೇದಿಯವರು ಹಳದಿ ಬಟನ್ ಒತ್ತಿದರು.

ಮಾರ್ಚ್ ಇಪ್ಪತ್ತೇಳು. ಯಶವಂತ್ ನಗಲಿಲ್ಲ. "ಅಂಕಲ್, ನಿಮ್ಮ ಬಟನ್ ನಮಗೇ ಬಿತ್ತು," ಎಂದಷ್ಟೇ ಹೇಳಿದ. ನಿಹಾರಿಕಾ, ಕಡತವನ್ನು ಬೇರೆ ದಾರಿಯಿಂದ ಮೇಲೆ ಕಳಿಸಲು ಬರುತ್ತದೆಂದು ಮೆಲ್ಲನೆ ಹೇಳಿದಳು. ದಕ್ಷಿಣಾಮೂರ್ತಿ ಅವಳತ್ತ ನೋಡಿದ ನೋಟಕ್ಕೆ ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ. ಆ ಸಂಜೆ ಕ್ವಾಲಿಸ್ಸಿನಲ್ಲಿ ಅವರು ಲೆಕ್ಕ ಹಾಕಿದರು. ಹೊಸ ಟಿಪ್ಪಣಿ ಬರೆಸಿ ಮತ್ತೆ ಮೇಲೇರಿಸಲು ಎರಡು ತಿಂಗಳು. ಅವರಿಗಿದ್ದದ್ದು ನಾಲ್ಕು ದಿನ. ಐದನೇ ದಿನ ಮಧ್ಯಾಹ್ನ ಮೂರು ಗಂಟೆಗೆ ಅವರು ಜನಕಪುರಿಯಲ್ಲಿ ಚಪ್ಪಲಿ ಗೂಡಿನ ಮುಂದೆ ಕೂತಿರುತ್ತಾರೆ.

ಮರುದಿನ ಅವರು ಹಿಂದೆ ಯಾರೂ ಮಾಡದ ಕೆಲಸವೊಂದನ್ನು ಮಾಡಿದರು. ಇಸ್ತ್ರಿ ಮಾಡಿದ ಸಫಾರಿ ಸೂಟು ತೊಟ್ಟು, ಚತುರ್ವೇದಿಯವರ ಆಪ್ತ ಸಹಾಯಕನಿಂದ ಸಮಯ ಕೇಳಿ ಪಡೆದು, ಒಳಗೆ ಹೋಗಿ, "ಸರ್, ಡಿಸ್ಕಸ್ ಮಾಡಿ ಅಂದಿದ್ದಿರಿ. ಬಂದಿದ್ದೇನೆ," ಎಂದರು.

ಚತುರ್ವೇದಿಯವರು ಬಾಗಿಲ ಕಡೆ ನೋಡಿದರು, ಇನ್ನೂ ಯಾರಾದರೂ ಬರುತ್ತಾರೇನೋ ಎಂಬಂತೆ. "ಏನನ್ನು?"

"ನಮ್ಮ ಕಡತದ ವಿಷಯ, ಸರ್."

"ಹೌದು. ಹೌದು." ಚಹಾ ತರಿಸಲು ಗಂಟೆ ಒತ್ತಿದರು. "ಮೂರ್ತಿ, ನಿಜ ಹೇಳಲಾ? ಏನು ಡಿಸ್ಕಸ್ ಮಾಡಬೇಕಿತ್ತೆಂದು ನನಗೆ ನೆನಪಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಬಂದಿರಲಿಲ್ಲ."

ಚಹಾ ಬಂತು. ಕಡತದಲ್ಲಿ ದೋಷವೇನಾದರೂ ಇದೆಯೇ ಎಂದು ದಕ್ಷಿಣಾಮೂರ್ತಿ ಕೇಳಿದರು. ಇಲ್ಲ. ನಿಯಮಕ್ಕೆ ವಿರುದ್ಧವಾದದ್ದು? ಅದೂ ಇಲ್ಲ. ಚತುರ್ವೇದಿಯವರು ಕೆಳಗಿಳಿದಿದ್ದ ಕಡತವನ್ನು ತೆರೆಗೆ ವಾಪಸ್ ತರಿಸಿ ತೆರೆದು, ಬೆರಳನ್ನು ಹಸಿರು ಬಟನ್ನಿನ ಹತ್ತಿರ ಒಯ್ದು, ಅಲ್ಲೇ ನಿಲ್ಲಿಸಿದರು. "ಒತ್ತಿದ ಮೇಲೆ ವಾಪಸ್ ತೆಗೆದುಕೊಳ್ಳಬಹುದೇ?"

"ಆಗುವುದಿಲ್ಲ, ಸರ್."

ಬೆರಳು ಹಿಂದೆ ಬಂತು. "ಏಪ್ರಿಲ್ ಮೂವತ್ತಕ್ಕೆ ನಾನು ನಿವೃತ್ತನಾಗುತ್ತೇನೆ. ನನ್ನ ನಂತರ ಬರುವವರು ನೋಡಲಿ."

ಈಗ ದಕ್ಷಿಣಾಮೂರ್ತಿಯವರು ಹೇಳಿದ ಮಾತು ಸ್ವಲ್ಪ ಕ್ರೂರವೇ. ಅದು ಅವರಿಗೂ ಗೊತ್ತಿತ್ತು. "ಸರ್, ನಾನು ನಿವೃತ್ತನಾಗಿ ಒಂದೂವರೆ ವರ್ಷವಾಯಿತು. ಮೇ ಒಂದರಿಂದ ನಿಮ್ಮ ಮುಂದೆ ಯಾರೂ ಕಡತ ಇಡುವುದಿಲ್ಲ. ಒಪ್ಪುತ್ತೀರಾ, ಒಪ್ಪುವುದಿಲ್ಲವಾ ಎಂದು ಕೇಳುವವರು ಯಾರೂ ಇರುವುದಿಲ್ಲ. ಮೂರು ಗಂಟೆಗೆ ಬಹಳ ಕಷ್ಟವಾಗುತ್ತದೆ."

ಚತುರ್ವೇದಿಯವರು ಗೋಡೆಯ ಗಡಿಯಾರ ನೋಡಿದರು. ಆಮೇಲೆ ಹಸಿರು ಬಟನ್ ಒತ್ತಿದರು.

ಕರಾರು ಒಂದು ವರ್ಷ ಮುಂದುವರಿಯಿತು. ಯಶವಂತ್ ಸಿಹಿ ಹಂಚಿದ. ದೇವಕಿ ಜನಕಪುರಿಯಲ್ಲಿ ಹಾಲಿನ ಭಯ್ಯಾಗೂ ಒಂದು ಲಾಡು ಕೊಟ್ಟರು. ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು, ಆದರೆ ಯಶವಂತ್ ಎಂ.ಬಿ.ಎ. ಓದಿದವನು. ಡಿಸೆಂಬರ್ ಹೊತ್ತಿಗೆ ಅವನಿಗೆ ಒಂದು ಹೊಸ ಯೋಚನೆ ಹೊಳೆಯಿತು. ನಿವೃತ್ತ ಸೆಕ್ಷನ್ ಆಫೀಸರ್ ಇಷ್ಟು ಮಾಡಿದರೆ, ನಿವೃತ್ತ ಜಂಟಿ ಕಾರ್ಯದರ್ಶಿ ಎಷ್ಟು ಮಾಡಬಹುದು?

"ಚತುರ್ವೇದಿ ಸರ್‌ನ ಚೀಫ್ ಅಡ್ವೈಸರ್ ಮಾಡೋಣ ಅಂತ. ಆ ಇಲಾಖೆಯ ಮುಂದಿನ ಕೆಲಸವೆಲ್ಲ ಅವರೇ ನೋಡ್ಕೊಳ್ತಾರೆ," ಎಂದ. ಎಲ್ಲೋ ನೋಡುತ್ತ ಮುಂದುವರಿಸಿದ. "ಏಪ್ರಿಲ್‌ನಿಂದ ನೀವು ಆರಾಮ್ ಮಾಡಬಹುದು ಅಂಕಲ್. ಎಷ್ಟು ಅಂತ ಓಡಾಡ್ತೀರಾ?"

ದಕ್ಷಿಣಾಮೂರ್ತಿಯವರ ಕಣ್ಣ ಮುಂದೆ ಚಪ್ಪಲಿ ಗೂಡು ಬಂದು ನಿಂತಿತು. ಮುಖದಲ್ಲಿ ಮಾತ್ರ ಏನೂ ಕಾಣಲಿಲ್ಲ. ಮುಖದಲ್ಲಿ ಏನನ್ನೂ ಕಾಣಿಸದಿರುವುದಕ್ಕೇ ಸರ್ಕಾರ ಅವರಿಗೆ ಮೂವತ್ತಾರು ವರ್ಷ ಸಂಬಳ ಕೊಟ್ಟಿತ್ತು. "ಬಹಳ ಒಳ್ಳೇದು ಯಶು," ಎಂದರು. "ಒಂದೇ ಒಂದು ವಿಷಯ. ಅಷ್ಟು ದೊಡ್ಡ ಅಧಿಕಾರಿಗಳು ನಿವೃತ್ತಿಯಾದ ಹೊಸತರಲ್ಲಿ ಖಾಸಗಿ ಕಂಪನಿ ಸೇರಬೇಕಾದರೆ ಸರ್ಕಾರದ ಅನುಮತಿ ಬೇಕು. ನಮ್ಮಂಥ ಸಣ್ಣವರಿಗೆ ಬೇಡ. ಅರ್ಜಿ ಅವರ ಹಳೇ ಇಲಾಖೆಯಿಂದಲೇ ಮೇಲೆ ಹೋಗಬೇಕು. ನಾನೇ ಬರೆದುಕೊಡ್ತೀನಿ, ನೀನು ತಲೆ ಕೆಡಿಸಿಕೊಳ್ಳಬೇಡ."

ಬರೆದುಕೊಟ್ಟರು. ಅದರಲ್ಲಿ ಒಂದು ಸುಳ್ಳಿರಲಿಲ್ಲ, ಒಂದು ತಪ್ಪಿರಲಿಲ್ಲ. ನಲವತ್ತೊಂದು ಪುಟವಿತ್ತು. ಹದಿನಾಲ್ಕು ಅನುಬಂಧಗಳಿದ್ದವು. ಚತುರ್ವೇದಿಯವರು ಯಾವ ಯಾವ ಕಡತಕ್ಕೆ ಯಾವಾಗ ಒಪ್ಪಿಗೆ ಕೊಟ್ಟಿದ್ದರು ಎಂಬ ಪಟ್ಟಿಯಿತ್ತು, ಈ ಕಂಪನಿಯ ಆರ್ಡರ್ ಆ ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ಇಷ್ಟು ಪ್ರಾಮಾಣಿಕವಾದ ಅರ್ಜಿಯನ್ನು ನೋಡಿದ ಯಾವ ಅಧಿಕಾರಿಗೂ ಹಸಿರಿನ ಕಡೆ ಕೈ ಹೋಗುವುದು ಸಾಧ್ಯವಿರಲಿಲ್ಲ. ಕೆಂಪಿನ ಕಡೆ ಹೋಗಲು, ನಿನ್ನೆ ಮೊನ್ನೆಯವರೆಗೆ ಆ ಕುರ್ಚಿಯಲ್ಲಿ ಕೂತಿದ್ದವರು ಎಂಬ ಮುಲಾಜು. ಹೊಸ ಜಂಟಿ ಕಾರ್ಯದರ್ಶಿ ಕೌಲ್ ಮೇಡಂ ಜನವರಿಯ ಒಂದು ಬೆಳಿಗ್ಗೆ ಅದನ್ನು ತೆರೆದು, ಕೆಳಗಿನ ತನಕ ಓದಿ, ಹಳದಿ ಬಟನ್ ಒತ್ತಿದರು.

ದಕ್ಷಿಣಾಮೂರ್ತಿ ಆ ದಿನ ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ರುಚಿ ನೋಡಿ ನೋಡಿ ತಿಂದರು.

ಅಂದಿನಿಂದ ಪ್ರತಿದಿನ ಮಧ್ಯಾಹ್ನ ಮೂರು ಗಂಟೆಗೆ ಅವರ ಮೊಬೈಲ್ ರಿಂಗಾಗತೊಡಗಿತು. "ಮೂರ್ತಿ, ನನ್ನ ಕಡತ ಎಲ್ಲಿಗೆ ಬಂತು?"

"ನಡೆಯುತ್ತಿದೆ, ಸರ್."

ಮೊದಲ ವಾರ ಚತುರ್ವೇದಿಯವರ ದನಿಯಲ್ಲಿ ಹಳೆಯ ಗತ್ತಿತ್ತು. ಎರಡನೇ ವಾರ ಅವರು ಹವಾಮಾನದ ಬಗ್ಗೆಯೂ ಮಾತಾಡಿದರು. ಮೂರನೇ ವಾರ, ತಮ್ಮ ಮನೆಯ ಮಾಲಿ ಗಿಡಗಳಿಗೆ ನೀರು ಹಾಕುವ ಕ್ರಮದಲ್ಲಿ ಏಳು ದೋಷಗಳನ್ನು ಗುರುತಿಸಿರುವುದಾಗಿ ಹೇಳಿದರು. ದಕ್ಷಿಣಾಮೂರ್ತಿಗೆ ಫೋನಿಟ್ಟ ಮೇಲೂ ಅದೇ ದನಿ ಕಿವಿಯಲ್ಲಿ ಉಳಿಯುತ್ತಿತ್ತು. ನಗಬೇಕೆಂದುಕೊಂಡರು, ನಗು ಬರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಜನಕಪುರಿಯ ಮನೆಗೆ ಫೋನ್ ಬಂತು. ದೇವಕಿ ಎತ್ತಿಕೊಂಡರು. ಆ ಕಡೆ ಚತುರ್ವೇದಿಯವರ ಹೆಂಡತಿ. ಇಬ್ಬರಿಗೂ ಪರಿಚಯವಿರಲಿಲ್ಲ, ಆದರೆ ಮುಕ್ಕಾಲು ಗಂಟೆ ಮಾತಾಡಿದರು. ದೇವಕಿಯ ಹಿಂದಿ ತರಕಾರಿ ಮಂಡಿಯದು, ಆ ಹೆಂಗಸಿನದು ಲಖನೌದ್ದು. ವಿಷಯ ಒಂದೇ ಆಗಿದ್ದರಿಂದ ಅರ್ಥವಾಗಲು ಕಷ್ಟವಾಗಲಿಲ್ಲ.

ಫೋನಿಟ್ಟು ಬಂದು ದೇವಕಿ ಗಂಡನ ಎದುರು ಕೂತರು. "ಆಕೆಯ ಮಾತ್ರೆ ಡಬ್ಬಿಗೂ ಆ ಸಾಹೇಬರು ರಿಜಿಸ್ಟರ್ ಇಟ್ಟಿದ್ದಾರಂತೆ. ತಗೊಳ್ಳೋಕೆ ಮೊದಲು ಆಕೆ ಸಹಿ ಹಾಕಬೇಕಂತೆ."

ದಕ್ಷಿಣಾಮೂರ್ತಿ ಪತ್ರಿಕೆಯಿಂದ ತಲೆಯೆತ್ತಲಿಲ್ಲ.

"ಒಂಬತ್ತು ತಿಂಗಳಂತೆ ರೀ. ನಾನು ಒಂಬತ್ತು ದಿನಕ್ಕೇ ಹೇಗಾಗಿದ್ದೆ ಅಂತ ನಿಮಗೆ ಗೊತ್ತಿಲ್ಲ." ಗಂಡನ ಪತ್ರಿಕೆಯನ್ನು ಪಕ್ಕಕ್ಕೆ ಸರಿಸಿ, "ಆ ಕಡತ ಎಲ್ಲಿ ಸಿಕ್ಕಿಕೊಂಡಿದೆ?" ಎಂದರು.

"ಪ್ಲೀಸ್ ಡಿಸ್ಕಸ್ ಆಗಿದೆ."

"ಯಾರೂ ಹೋಗಿಲ್ವಾ?"

"ಯಾರೂ ಹೋಗೋದಿಲ್ಲ."

"ನೀವು ಹೋಗಿದ್ರಲ್ಲ ಒಂದು ಸಲ."

"ದೇವಕಿ, ಅದು ಸರಿಹೋದರೆ ನಾನು ಏಪ್ರಿಲ್‌ನಲ್ಲಿ ಮನೆಗೆ ಬರ್ತೀನಿ. ಯೋಚನೆ ಮಾಡಿ ಹೇಳು."

ದೇವಕಿ ನಿಜವಾಗಿಯೂ ಯೋಚನೆ ಮಾಡಿದರು. ಅವರ ಮುಖದಲ್ಲಿ ಸಾಮಾನಿನ ಚೀಟಿಗಳು ಒಂದೊಂದಾಗಿ ಹಾದುಹೋದದ್ದನ್ನು ಗಂಡ ಕಂಡರು. "ಬನ್ನಿ," ಎಂದರು ಕೊನೆಗೆ. "ನಿಮ್ಮನ್ನು ಬಯ್ಯೋಕೆ ನನಗೆ ಬರತ್ತೆ. ಪಾಪ ಆಕೆಗೆ ಬರಲ್ಲ, ಅಳ್ತಾರೆ. ನಾಳೆ ಹೋಗಿ ಮಾತಾಡಿ ಬನ್ನಿ."

ಸೋಮವಾರ ದಕ್ಷಿಣಾಮೂರ್ತಿ ಅದೇ ಸಫಾರಿ ಸೂಟು ತೊಟ್ಟು, ಪಾನಿನ ಕಲೆಯ ಮೆಟ್ಟಿಲು ಹತ್ತಿ ಕೌಲ್ ಮೇಡಂ ಮುಂದೆ ಕೂತರು. ಮೇಡಂ ಚುರುಕಿನವರು, ನೇರವಾಗಿ ವಿಷಯಕ್ಕೆ ಬಂದರು. "ನಿಮ್ಮ ಕಂಪನಿಗೆ ಆರ್ಡರ್ ಕೊಟ್ಟವರು ಅವರು. ಅವರೇ ನಿಮ್ಮ ಕಂಪನಿಯ ಪರವಾಗಿ ಬಂದು ನನ್ನ ಮುಂದೆ ಕೂತರೆ ಚೆನ್ನಾಗಿರುತ್ತದೆಯೇ?"

ಚೆನ್ನಾಗಿರುವುದಿಲ್ಲ ಮೇಡಂ, ಎಂದು ಎದ್ದುಬಂದಿದ್ದರೆ ಆಗಿತ್ತು. ಕುರ್ಚಿ ಉಳಿಯುತ್ತಿತ್ತು, ದೇವಕಿಗೆ ಹೋಗಿಬಂದೆ ಎಂದು ಹೇಳಲೂ ಬರುತ್ತಿತ್ತು. ದಕ್ಷಿಣಾಮೂರ್ತಿ ಬಾಯಿ ತೆರೆದದ್ದೂ ಅದಕ್ಕಾಗಿಯೇ.

"ಚೆನ್ನಾಗಿರುವುದಿಲ್ಲ, ಮೇಡಂ," ಎಂದರು. "ಆದರೆ ಅವರಿಗೆ ಬೇಕಾಗಿರುವುದು ನಮ್ಮ ಸಂಬಳವೂ ಅಲ್ಲ, ನಿಮ್ಮ ಆರ್ಡರೂ ಅಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿಬರುತ್ತೇನೆ ಎಂದು ಹೇಳಿ ಮನೆಯಿಂದ ಹೊರಡುವುದಕ್ಕೆ ಒಂದು ಜಾಗ. ನಾನೂ ಅದಕ್ಕೇ ಸೇರಿದ್ದು. ಇಲ್ಲದಿದ್ದರೆ ಬದುಕಿದ್ದೇವೋ ಇಲ್ಲವೋ ಎಂದು ನಮಗೇ ಅನುಮಾನ ಬರುತ್ತದೆ." ಇಷ್ಟು ವರ್ಷದ ನೌಕರಿಯಲ್ಲಿ ಯಾವ ಮೇಲಧಿಕಾರಿಯ ಎದುರೂ ಅವರು ತಮ್ಮ ಮನಸ್ಸಿನ ಮಾತು ಆಡಿರಲಿಲ್ಲ. ನಾಚಿಕೆಯಾಗಿ ಕನ್ನಡಕ ತೆಗೆದು ಒರೆಸಿಕೊಂಡರು.

ಕೌಲ್ ಮೇಡಂ ಪೆನ್ನನ್ನು ಮೇಜಿನ ಮೇಲೆ ಎರಡು ಸಲ ಉರುಳಿಸಿದರು. ಅವರಿಗೂ ನಿವೃತ್ತಿಗೆ ನಾಲ್ಕು ವರ್ಷವಷ್ಟೇ ಉಳಿದಿತ್ತು. "ಹೇಗೆ ಕೊಡಲಿ, ನೀವೇ ಬರೆದು ತೋರಿಸಿ," ಎಂದು ಒಂದು ಹಾಳೆ ಮುಂದೆ ತಳ್ಳಿದರು.

ಕರಡು ಬರೆ ಎಂದರೆ ಸಾಕು, ದಕ್ಷಿಣಾಮೂರ್ತಿಯ ಕೈ ತಾನಾಗಿ ಓಡುತ್ತದೆ. 'ಕೋರಿರುವ ಅನುಮತಿಯನ್ನು ಈ ಕೆಳಗಿನ ಷರತ್ತಿಗೆ ಒಳಪಟ್ಟು ನೀಡಬಹುದು. ಸದರಿ ಅಧಿಕಾರಿಯವರು ಮುಂದಿನ ಎರಡು ವರ್ಷ ಈ ಇಲಾಖೆಗೆ ಸಂಬಂಧಿಸಿದ ಯಾವುದೇ ವ್ಯವಹಾರದಲ್ಲಿ ಭಾಗವಹಿಸತಕ್ಕದ್ದಲ್ಲ.' ಮೇಡಂ ಓದಿ, ತಲೆಯಾಡಿಸಿ, ಇದಿದ್ದರೆ ಮೇಲಿನವರೂ ಬೇಡವೆನ್ನುವುದಿಲ್ಲ ಎಂದು ಕಡತ ವಾಪಸ್ ತರಿಸಿ ಅದನ್ನೇ ಟೈಪ್ ಮಾಡಿಸಿ, ಹಸಿರು ಬಟನ್ ಒತ್ತಿದರು. ಷರತ್ತು ನ್ಯಾಯವಾದದ್ದು. ಅದೇ ಷರತ್ತಿನಿಂದ ಆ ಇಲಾಖೆಯ ಓಡಾಟಕ್ಕೆ ಕಂಪನಿಯಲ್ಲಿ ಬೇರೊಬ್ಬರು ಇರಲೇಬೇಕಾಗುತ್ತದೆ, ಮತ್ತು ಹಾಗೆ ಓಡಾಡಬಲ್ಲ ಮನುಷ್ಯ ಒಬ್ಬನೇ ಇದ್ದಾನೆ ಎಂಬುದು ಬರೆಯುವಾಗಲೇ ದಕ್ಷಿಣಾಮೂರ್ತಿಗೆ ಹೊಳೆದಿತ್ತೇ, ಮೆಟ್ಟಿಲಿಳಿಯುವಾಗ ಹೊಳೆಯಿತೇ? ಅವರನ್ನು ಕೇಳಿದರೆ ಉತ್ತರ ಸಿಗುವುದಿಲ್ಲ. ನಾನು ಕೇಳಿ ನೋಡಿದ್ದೇನೆ.

ಆದೇಶ ಮಾರ್ಚ್ ಮಧ್ಯದಲ್ಲಿ ಗುರ್‌ಗಾಂವಿಗೆ ಬಂತು. ಯಶವಂತ್ ಅದನ್ನು ನಿಂತು ಒಮ್ಮೆ, ಕೂತು ಒಮ್ಮೆ ಓದಿದ. "ಈ ಕಂಡೀಶನ್ ಯಾರು ಬರೆದಿದ್ದು ಅಂಕಲ್?"

"ಸರ್ಕಾರ."

"ಚತುರ್ವೇದಿ ಸರ್ ಆ ಇಲಾಖೆಗೆ ಹೋಗೋ ಹಾಗಿಲ್ಲ ಅಂದ್ರೆ ಅಲ್ಲಿಗೆ ಯಾರು ಹೋಗೋದು?"

"ಅದನ್ನು ನೀನು ತೀರ್ಮಾನ ಮಾಡಬೇಕಪ್ಪ. ನಾನು ಅಡ್ವೈಸರ್ ಅಷ್ಟೇ."

ಯಶವಂತ್ ಅವರನ್ನು ನೋಡಿದ. ಅವರು ಟಿಫಿನ್ ಡಬ್ಬಿಯ ಮುಚ್ಚಳವನ್ನು ನೋಡುತ್ತಿದ್ದರು. ಬಯ್ಯಬೇಕೋ ಕಾಲಿಗೆ ಬೀಳಬೇಕೋ ತಿಳಿಯದೆ, ಹುಡುಗ ಕೊನೆಗೆ ಇಬ್ಬರ ಹೆಸರಿಗೂ ಕರಾರಿನ ಕಾಗದ ತಯಾರು ಮಾಡಲು ಹೇಳಿದ. ಚತುರ್ವೇದಿಯವರಿಗೆ ಭೋಪಾಲ, ಜೈಪುರದ ಕಡೆಯ ಕೆಲಸ. ಮೂರ್ತಿಯವರಿಗೆ ಅದೇ ಹಳೆಯ ಭವನ.

ಏಪ್ರಿಲ್‌ನ ಮೊದಲ ಬೆಳಿಗ್ಗೆ ದಕ್ಷಿಣಾಮೂರ್ತಿ ಜನಕಪುರಿಯ ರಸ್ತೆ ತಿರುವಿನಲ್ಲಿ ಕ್ವಾಲಿಸ್ಸಿಗಾಗಿ ಕಾಯುತ್ತ ನಿಂತಿದ್ದಾಗ ಮೊಬೈಲ್ ರಿಂಗಾಯಿತು. ಇನ್ನೂ ಒಂಬತ್ತಾಗಿರಲಿಲ್ಲ.

"ಮೂರ್ತಿ," ಎಂದರು ಚತುರ್ವೇದಿ. ಹಿಂದೆ ಬಸ್ಸುಗಳ ಹಾರನ್ನು ಕೇಳುತ್ತಿತ್ತು.

"ಹೇಳಿ ಸರ್. ಏನಾದರೂ ಕೆಲಸವಿತ್ತೇ?"

"ಏನಿಲ್ಲ." ಆ ದೊಡ್ಡ ಅಧಿಕಾರಿ ಹಾರನ್ನಿನ ನಡುವೆ ದನಿ ಎತ್ತಿದರು. "ನಾನು ಮನೆಯಿಂದ ಹೊರಟಿದ್ದೇನೆ. ನಿಮಗೆ ಹೇಳೋಣ ಅನ್ನಿಸಿತು."